ಕೂಡಿಕೆಯ ನಾಲ್ಕನೇ ವರ್ಷನ್

ಆಗಸ್ಟ್ 4, 2025, ಸೋಮವಾರ

ಕೂಡ್ಲಿಗಿಯ ನಮ್ಮ ಆಫೀಸಿಗೆ ಹೋದರೆ ನನ್ನ ಮೇಜಿನ ಪಕ್ಕ ಇನ್ನೊಂದು ಮೇಜು. ಅದರ ಮುಂದೆ ಒಬ್ಬ ಹುಡುಗಿ. ನನಗೆ ಒಂದು ಮಾತೂ ತಿಳಿಸದೆ ಗವಿಸಿದ್ದೇಶ ಕೆಲಸಕ್ಕೆ ತೆಗೆದುಕೊಂಡಿದ್ದಾನೆ. ಹೆಸರು ದುರ್ಗಾದೇವಿ, ಊರು ಕಾನಹೊಸಹಳ್ಳಿ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ ಅಲ್ಲೇ ಸ್ವಲ್ಪ ಕಾಲ ಕೆಲಸ ಮಾಡಿದ್ದಾಳಂತೆ.

“ಪ್ರವೀಣ, ಈಕಿಗೆ ನಮ್ಮ ಕೂಡಿಕಿ ಅಂದ್ರೇನು ಅಂತ ಬಿಡಿಸಿ ಹೇಳಲೇ,” ಎಂದು ಗವಿ ಚಹಾ ತರಿಸಿದ. ಕೊಟ್ಟೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಕಂಪನಿ ಅವನದು, ಆದರೆ ಇಷ್ಟು ವರ್ಷ ನನ್ನನ್ನು ಕೇಳದೆ ಒಂದು ಕುರ್ಚಿ ಕೂಡ ತಂದವನಲ್ಲ.

ಹೇಳಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿನ ಐದು ರಕ್ತಪರೀಕ್ಷೆ ಲ್ಯಾಬುಗಳು ನಮ್ಮ ಗಿರಾಕಿಗಳು. ಒಬ್ಬೊಬ್ಬರು ಒಂದೊಂದು ರೀತಿ ಮಾಹಿತಿ ಇಟ್ಟಿರುತ್ತಾರೆ. ಒಬ್ಬರು ಎಕ್ಸೆಲ್‌ನಲ್ಲಿ, ಒಬ್ಬರು ಹಳೆಯ ಬಿಲ್ಲಿನ ಪ್ರೋಗ್ರಾಮಿನಲ್ಲಿ, ಕೆಲವರು ಕನ್ನಡದಲ್ಲಿ, ಕೆಲವರು ಇಂಗ್ಲಿಷಿನಲ್ಲಿ. ಇವತ್ತು ಕೊಟ್ಟೂರಿನಲ್ಲಿ ರಕ್ತ ಕೊಟ್ಟವನು ಮುಂದಿನ ತಿಂಗಳು ಹಡಗಲಿಯಲ್ಲಿ ಕೊಟ್ಟರೆ ಎರಡೂ ರಿಪೋರ್ಟು ಒಂದೇ ಹಾಳೆಯಲ್ಲಿ ಬರಬೇಕು. ಹಾಗೆ ಬರುವಂತೆ ಎಲ್ಲರ ಮಾಹಿತಿಯನ್ನೂ ಎಳೆದು ಜೋಡಿಸುವ ಸಾಫ್ಟ್‌ವೇರೇ ಕೂಡಿಕೆ. ಬರೆದವನು ನಾನು. ಕೊನೆಯ ಮಾತನ್ನು ಎರಡು ಸಲ ಹೇಳಿದೆನೇನೋ.

ಆಗಸ್ಟ್ 13, ಬುಧವಾರ

ಅವಳು ಬಂದಾಗಿನಿಂದ ಒಂದೇ ಕೆಲಸ: ವರ್ಷನ್ ಹಿಸ್ಟರಿ ಓದುವುದು. ಕೂಡಿಕೆಯನ್ನು ತಿದ್ದಿದಾಗಲೆಲ್ಲ ಏನು ಬದಲಾಯಿತು, ಯಾಕೆ, ಯಾರು ಬದಲಾಯಿಸಿದರು ಎಂದು ನಾನು ಬರೆದಿಟ್ಟ ಪುಟಗಳು. ಆರು ವರ್ಷದಲ್ಲಿ ಅದನ್ನು ಓದಿದ ಮೊದಲ ವ್ಯಕ್ತಿ ಅವಳೇ ಇರಬೇಕು.

1.0ರಲ್ಲಿ ಕೂಡ್ಲಿಗಿ ಮತ್ತು ಕೊಟ್ಟೂರು ಕೂಡಿದವು. 1.4ರಲ್ಲಿ, ತಾರೀಖು ಬರೆಯುವಾಗ ಒಬ್ಬರು ದಿನ ಮೊದಲು, ಇನ್ನೊಬ್ಬರು ತಿಂಗಳು ಮೊದಲು ಹಾಕುತ್ತಿದ್ದ ಗೊಂದಲ ತೀರಿತು. 2.0ರಲ್ಲಿ, ಹರಪನಹಳ್ಳಿಯವರು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಕನ್ನಡವೆಲ್ಲ ಯೂನಿಕೋಡಿಗೆ ಬಂತು. 3.0 ನನ್ನ ಹೆಮ್ಮೆ. ನಮ್ಮ ಕಡೆ ಮೂರು ಮನೆಗೊಬ್ಬ ಕೊಟ್ರೇಶ. ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಹೇಗೆ ಬರೆದರೂ ಅದು ಕೊಟ್ರೇಶನೇ ಎಂದು ಗುರುತು ಹಿಡಿಯುವಂತೆ ಮಾಡಿದ್ದು ಆಗ. ಪ್ರತಿ ವರ್ಷನ್ನಿನ ಮುಂದೆಯೂ ಒಂದೇ ಹೆಸರು, ಪ್ರವೀಣಕುಮಾರ್.

“ಸರ್, ಇದನ್ನ ಓದಿದ್ರ ಕಥಿ ಓದಿದಂಗ ಆಗ್ತೈತ್ರಿ,” ಎಂದಳು. ಆಮೇಲೆ, “2.0 ಬರಿಯಾಗ ನಿಮಗ ಏನೋ ತ್ರಾಸಿತ್ತಲ್ರಿ? ಅಲ್ಲಿ ಮಾತೆಲ್ಲಾ ಗಿಡ್ಡ ಗಿಡ್ಡ ಅದಾವ,” ಎಂದಳು.

ಆ ವರ್ಷ ಅಪ್ಪ ತೀರಿಕೊಂಡಿದ್ದ. ಹೇಳಲಿಲ್ಲ. ಕೇಳದೆ ನನ್ನ ಮನೆಯ ಕಪಾಟು ತೆಗೆದು ನೋಡಿದಂತಾಯಿತು.

ಆಗಸ್ಟ್ 29, ಶುಕ್ರವಾರ

ಗವಿ ಕೊಟ್ಟೂರಿಗೆ ಹೋದ. ಜೊತೆಗೆ ಅವಳು. ಕೊಟ್ಟೂರಿನ ಲ್ಯಾಬಿನ ಗುರುಸಂಗಪ್ಪನವರನ್ನು ಆರು ವರ್ಷದಿಂದ ಸಂಭಾಳಿಸಿದವನು ನಾನು. ಅವರ ಸಿಟ್ಟು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ನನಗೆ ಗೊತ್ತು.

ಮಧ್ಯಾಹ್ನ ಇಬ್ಬರೂ ನಗುತ್ತ ಬಂದರು. “ಗುರುಸಂಗಪ್ಪನೋರು ಈಕಿ ಮಾತಿಗೆ ಹೂಂ ಹೂಂ ಅಂದಿದ್ದಽ ಅಂದಿದ್ದು! ನಿನ್ನ ಮುಂದ ಹಂಗ ಎಂದಾರ ಅಂದಾರೇನಲೇ?” ಎಂದು ಗವಿ ಮಿರ್ಚಿಯ ಪೊಟ್ಟಣ ಬಿಚ್ಚಿದ. ನನಗೆ ಹೊಟ್ಟೆ ಸರಿಯಿಲ್ಲ ಎಂದೆ. ಅವರು ಹೊರಗೆ ಹೋದ ಮೇಲೆ ಎರಡು ತಿಂದೆ. ತಣ್ಣಗಾಗಿದ್ದವು.

ಸೆಪ್ಟೆಂಬರ್ 18, ಗುರುವಾರ

ಬರೆಯಬಾರದು ಎಂದುಕೊಂಡೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

3.0 ಬಂದ ಮೇಲೂ ಒಂದು ದೂರು ಉಳಿದಿತ್ತು. ಕೆಲವರ ರಿಪೋರ್ಟು ಕೂಡುವುದೇ ಇಲ್ಲ, ಒಬ್ಬರಿಗೇ ಎರಡೆರಡು ಹಾಳೆ ಬರುತ್ತದೆ. ಯಾಕೆಂದು ನನಗೆ ಗೊತ್ತಾಗಿರಲಿಲ್ಲ. ಇವತ್ತು ಅವಳು ಗವಿಯ ಮುಂದೆ ಲ್ಯಾಪ್‌ಟಾಪ್ ತಿರುಗಿಸಿ ಇಟ್ಟಳು.

“ಎರಡು ಹಾಳಿ ಬರೋದು ಬರೇ ಹೆಣ್ಮಕ್ಕಳದ್ದು ನೋಡ್ರಿ. ಯಾಕಂದ್ರ ಹೆಸರಿನ ಜೊತಿ ಊರೂ ಒಂದಽ ಇರಬೇಕು ಅಂತ ನಮ್ಮ ರೂಲ್ ಕೇಳ್ತೈತಿ. ನಮಗ ಎರಡು ಊರು ಇರ್ತಾವಲ್ರಿ. ಗಂಡನ ಮನಿ ಒಂದು, ತವರಮನಿ ಒಂದು. ಬಸರಿ ಇದ್ದಾಗ ಇಲ್ಲಿ ತೋರಿಸ್ತಾರ, ಹಡ್ಯಾಕ ಅಲ್ಲಿಗೆ ಹೋಗ್ತಾರ.”

ಗವಿ ಮೇಜು ಬಡಿದ. ಅವಳು ನನ್ನ ಕಡೆ ತಿರುಗಿ, “ಸರ್, ನೀವು 3.0ದಾಗ ಹೆಸರು ಹಿಡದಿರದಿದ್ರ ಇದು ಕಾಣ್ತಿದ್ದಿಲ್ಲ,” ಎಂದಳು. ಅದು ಇನ್ನೂ ಉರಿಯಿತು.

ಆರು ವರ್ಷದಿಂದ ಸಾವಿರಾರು ಹೆಂಗಸರನ್ನು ಎರಡು ತುಂಡು ಮಾಡಿ ಇಟ್ಟಿದ್ದೇನೆ. ಮನೆಯಲ್ಲಿ ಹೆಂಡತಿ ಇದ್ದಾಳೆ, ತಾಯಿ ಇದ್ದಾಳೆ, ಮದುವೆ ಮಾಡಿ ಕಳಿಸಿದ ತಂಗಿ ಇದ್ದಾಳೆ. ನನಗೆ ಹೊಳೆಯಲಿಲ್ಲ.

ಸೆಪ್ಟೆಂಬರ್ 19

ಅವಳು ಹೆಣ್ಣು, ಅದಕ್ಕೆ ಹೊಳೆಯಿತು. ಇದರಲ್ಲಿ ಜಾಣತನ ಏನು ಬಂತು?

ಅಕ್ಟೋಬರ್ 6, ಸೋಮವಾರ

4.0 ಎಂದು ತೀರ್ಮಾನವಾಯಿತು. ಚುಕ್ಕೆಯ ಆಚೆಗಿನ ಸಣ್ಣ ಬದಲಾವಣೆ ಅಲ್ಲವಂತೆ, ಪೂರಾ ಹೊಸ ವರ್ಷನ್ನೇ. ರೂಲು ಅವಳದು: ಹೆಸರು, ಫೋನ್ ನಂಬರು ಎರಡೂ ಒಂದೇ ಇದ್ದು, ವಯಸ್ಸು ಹೆಚ್ಚುಕಡಿಮೆ ಹೊಂದಿದರೆ, ಊರು ಬೇರೆಯಾದರೂ ಅವರು ಒಬ್ಬರೇ. “ಹಿಸ್ಟರಿಯಾಗ ಈ ಸಲ ಆಕಿ ಹೆಸರು ಹಾಕಲೇ,” ಎಂದ ಗವಿ. ಹಲ್ಲು ತೋರಿಸಿ “ಆತು” ಎಂದೆ.

ಅವಳು ಬರೆದ ಟಿಪ್ಪಣಿಯಲ್ಲಿ ತಪ್ಪು ಹುಡುಕಿದೆ. ಒಂದು ಕಡೆ ಮಹಾಪ್ರಾಣ ಬಿಟ್ಟುಹೋಗಿತ್ತು. ತಿದ್ದಲಿಲ್ಲ. ಇರಲಿ, ಐದೂರಿನವರು ನೋಡಲಿ.

ಊಟಕ್ಕೆ ಕೂತಾಗ ಹೆಂಡತಿ ಪುಷ್ಪಲತಾ ರೊಟ್ಟಿ ಹಾಕುತ್ತ, “ಏನ್ರೀ, ಆ ಹುಡುಗಿ ಹೆಸರಿಲ್ಲದೆ ಒಂದು ತುತ್ತೂ ಇಳಿಯವಲ್ದು ನಿಮಗ. ಮೊನ್ನೆಯಿಂದ ನಾನು ಸೀರಿ ಹೊಸದು ಉಟ್ಟೀನೋ ಹಳೇದು ಉಟ್ಟೀನೋ ನೋಡಿಲ್ಲ,” ಎಂದಳು.

ನೋಡಿದೆ. ಯಾವುದು ಹೊಸದೆಂದು ಗೊತ್ತಾಗಲಿಲ್ಲ.

ಅಕ್ಟೋಬರ್ 22, ಬುಧವಾರ, ದೀಪಾವಳಿ ಪಾಡ್ಯ

ಸಿಕ್ಕಿತು!

ಹಬ್ಬಕ್ಕೆ ತಂಗಿ ಸುಕನ್ಯಾ ಬಂದಿದ್ದಾಳೆ. ತಮ್ಮನ ಹೆಂಡತಿಯ ಹೆಸರೂ ಸುಕನ್ಯಾ. ಅವ್ವ ಅಡುಗೆಮನೆಯಿಂದ “ಸುಕನ್ಯಾ” ಎಂದು ಕೂಗಿದರೆ ಇಬ್ಬರೂ “ಆಂ” ಎನ್ನುತ್ತಾರೆ, ಹಬ್ಬವೆಲ್ಲ ಇದೇ ನಗೆ. ಸಂಜೆ ತಂಗಿಗೆ ತಲೆ ಸುತ್ತಿತು. ಬಸ್ ನಿಲ್ದಾಣದ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಚೀಟಿ ಬರೆಯುವವನು ಫೋನ್ ನಂಬರು ಕೇಳಿದ. ಅವಳು ತಮ್ಮನ ನಂಬರು ಹೇಳಿದಳು. “ನಂದು ಊರಾಗ ಅವರ ಕೈಯಾಗ ಐತಿ, ಮನಿದಽ ಹೇಳಿದ್ರಾತು,” ಎಂದಳು.

ಅಲ್ಲೇ ನಿಂತುಬಿಟ್ಟೆ. ಮಗಳು ಸುಕನ್ಯಾ, ಸೊಸೆ ಸುಕನ್ಯಾ. ವಯಸ್ಸಿನಲ್ಲಿ ಒಂದು ವರ್ಷದ ಅಂತರ. ಇಬ್ಬರೂ ಕೊಡುವುದು ತಮ್ಮನ ಫೋನ್ ನಂಬರೇ. ಊರು ಬೇರೆ. ಆ ಹುಡುಗಿಯ ರೂಲಿನ ಪ್ರಕಾರ ಇಬ್ಬರೂ ಒಬ್ಬಳೇ! ನಾನು ಒಬ್ಬಳನ್ನು ಎರಡು ಮಾಡಿದ್ದರೆ ಅವಳು ಇಬ್ಬರನ್ನು ಒಂದು ಮಾಡಿದ್ದಾಳೆ.

ತಂಗಿಗೆ ಬಿಪಿ ಕಡಿಮೆ, ಅಷ್ಟೆ. ಉಪ್ಪು ಸಕ್ಕರೆ ನೀರು ಕುಡಿದು ಸರಿಹೋದಳು.

31ಕ್ಕೆ ಹರಪನಹಳ್ಳಿಯಲ್ಲಿ ಐದೂ ಲ್ಯಾಬಿನವರ ಸಭೆ. ಅಲ್ಲಿ ಅವಳು 4.0 ತೋರಿಸುತ್ತಾಳೆ. ತೋರಿಸಿ ಮುಗಿದ ಮೇಲೆ ನಾನು ಮೆಲ್ಲಗೆ ಕೈ ಎತ್ತುತ್ತೇನೆ. ಸಿಟ್ಟು ಮಾಡಿಕೊಳ್ಳಬಾರದು. ನಗುತ್ತಲೇ ಕೇಳಬೇಕು. ಹೋಳಿಗೆ ಇವತ್ತು ಎಂದಿಲ್ಲದ ರುಚಿ.

ಅಕ್ಟೋಬರ್ 24, ಶುಕ್ರವಾರ

ನಾನು ರಜೆಯಲ್ಲಿದ್ದಾಗ ಹಡಗಲಿಯ ಲ್ಯಾಬಿಗೆ 4.0 ಹಾಕಿಬಿಟ್ಟಿದ್ದಾರೆ. ಅಲ್ಲಿನ ಮೈಲಾರೇಶ ಸಭೆಗೆ ಮೊದಲೇ ಒಂದು ಸಲ ನಡೆಸಿ ನೋಡುತ್ತೇನೆಂದು ಗಂಟುಬಿದ್ದನಂತೆ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, “ಸರ್, ಹಬ್ಬ ಚಂದ ಆತೇನ್ರಿ?” ಎಂದಳು.

“ಆತು,” ಎಂದೆ.

ಒಂದು ವಾರದ ಮಾತು. ಒಂದೇ ಮನೆ, ಒಂದೇ ಹೆಸರು, ಒಂದೇ ಫೋನು, ಇಷ್ಟೆಲ್ಲ ಇದೇ ವಾರ ಹಡಗಲಿಯಲ್ಲೇ ಕೂಡಿ ಬರುತ್ತದೆಯೇ? ಬರುವುದಿಲ್ಲ.

ಅಕ್ಟೋಬರ್ 28, ಮಂಗಳವಾರ

ಬಂತು.

ಬೆಳಿಗ್ಗೆ ಮೈಲಾರೇಶ ಫೋನ್ ಮಾಡಿದ. ಸ್ಪೀಕರಿಗೆ ಹಾಕಿದೆ. ನಗೆ ತಡೆಯಲಾರದೆ ಮಾತಾಡುತ್ತಿದ್ದ. “ಪ್ರವೀಣಣ್ಣ, ನಿಮ್ಮ ಕೂಡಿಕಿ ಬಾಳ ಜೋರೈತಿ ಬಿಡ್ರಿ. ಕೊಟ್ರಮ್ಮ ಅನ್ನಾಕಿ ಐದು ತಿಂಗಳದಾಗ ಎರಡು ಸಲ ಹಡದಾಳ ಅಂತ ತೋರ್ಸಾಕತ್ತೈತಿ!”

ನನಗೆ ನಗು ಬರಲಿಲ್ಲ. “ಆ ಮನಿಯಾಗ ಇಬ್ಬರು ಕೊಟ್ರಮ್ಮರು ಅದಾರ ಮೈಲಾರೇಶ. ಒಬ್ಬಾಕಿ ಮಗಳು, ಒಬ್ಬಾಕಿ ಸೊಸಿ. ಹಳೇ ರಿಪೋರ್ಟ್ ಬ್ಯಾರೆ ಬ್ಯಾರೆ ತಗದು ಇಬ್ಬರ ರಕ್ತದ ಗುಂಪು ನೋಡು,” ಎಂದೆ.

ಅವನು ಹುಡುಕುವಾಗ ಫೋನಿನಲ್ಲಿ ಕೀಲಿಮಣೆಯ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. “ಅಣ್ಣ, ಒಬ್ಬಾಕಿದು ಬಿ ಪಾಸಿಟಿವ್, ಒಬ್ಬಾಕಿದು ಬಿ ನೆಗೆಟಿವ್.”

“ಈಗ ಹಡದಾಕಿ ಯಾರು?”

“ಮಗಳು. ಭಾನುವಾರ ಹಡದಾಳ. ಆಕಿದು ನೆಗೆಟಿವ್. ಆದ್ರ ನರ್ಸಿಂಗ್ ಹೋಮಿಗೆ ನಾವು ಕೊಟ್ಟ ಹಾಳ್ಯಾಗ...” ಹಾಳೆಯಲ್ಲಿ ಸೊಸೆಯ ಪಾಸಿಟಿವ್ ಬಂದಿತ್ತು.

ಪಕ್ಕದ ಮೇಜಿನಲ್ಲಿ ದುರ್ಗಾದೇವಿ ಎದ್ದು ನಿಂತಿದ್ದಳು. ನರ್ಸಿಂಗ್ ಹೋಮಿಗೆ ಅವಳೇ ಫೋನ್ ಹಚ್ಚಿದಳು. ಡಾಕ್ಟರಮ್ಮ ಗಾಬರಿಯಾದರು. ತಾಯಿ ನೆಗೆಟಿವ್, ಕೂಸು ಪಾಸಿಟಿವ್ ಆದರೆ ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಒಂದು ಇಂಜೆಕ್ಷನ್ ಹಾಕಬೇಕು. ಕೂಸು ಪಾಸಿಟಿವ್ ಇದೆ. ಲ್ಯಾಬಿನ ಹಾಳೆ ನಂಬಿ ತಾಯಿಗೆ ಹಾಕಿಲ್ಲ. ಈ ಕೂಸಿಗೆ ಏನೂ ಆಗುವುದಿಲ್ಲ, ಮುಂದೆ ಹುಟ್ಟುವ ಕೂಸಿನ ಜೀವಕ್ಕೆ ಕುತ್ತು. ಬಾಣಂತಿಯನ್ನು ಬೆಳಿಗ್ಗೆಯೇ ಮನೆಗೆ ಕಳಿಸಿಯಾಗಿದೆ. ತವರು ಮೈಲಾರದ ಹತ್ತಿರದ ಒಂದು ಹಳ್ಳಿ. ಆ ಮನೆಯ ಒಂದೇ ಫೋನು ಸ್ವಿಚ್ ಆಫ್.

ಮೈಲಾರೇಶ ಬೈಕಿನಲ್ಲಿ ಓಡಿದ. ನಾನೂ ದುರ್ಗಾದೇವಿಯೂ ಕಾರಿನಲ್ಲಿ ಹೊರಟು ಕೊಟ್ಟೂರು ದಾಟುವ ಹೊತ್ತಿಗೆ ಅವನ ಫೋನು ಬಂತು. “ಆ ಮುದುಕಿ ಕಳಸಂಗಿಲ್ಲ ಅಂತಾಳ. ಆಸ್ಪತ್ರ್ಯಾಗ ಎಲ್ಲಾ ಸರಿ ಐತಿ ಅಂತ ಹೇಳಿ ಕಳಿಸ್ಯಾರ, ನೀ ಯಾವಾತ, ಅಂತ ಕೇಳ್ತಾಳ.”

ನನ್ನ ಹಳೆಯ ಕಾರು ಅಷ್ಟು ಜೋರಾಗಿ ಓಡಿದ್ದು ಇವತ್ತೇ. ದಾರಿಯುದ್ದಕ್ಕೂ ಅರ್ಧ ರಸ್ತೆಯಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ಒಂದೊಂದು ರಾಶಿ ಸುತ್ತುವಾಗಲೂ ಅವಳು ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಬಾಗಿಲಲ್ಲಿ ಆ ಮುದುಕಿ, ಬಾಣಂತಿಯ ತಾಯಿ ಕರಿಯಕ್ಕ, ಕೈಯಲ್ಲಿ ಕಸಬರಿಗೆ ಹಿಡಿದೇ ನಿಂತಿದ್ದಳು. “ಹಸಿ ಬಾಣಂತಿನ ಗಾಳ್ಯಾಗ ಕಳಸಾದಾ? ನೀವು ಡಾಕ್ಟರಾ?”

“ಅಲ್ಲಮ್ಮ, ನಾವು ಸಾಫ್ಟ್‌ವೇರ್... ರೆಕಾರ್ಡು ಏನಾಗೇತಂದ್ರ...” ಎಂದು ತೊದಲಿದೆ. ಬಾಗಿಲು ಅರ್ಧ ಮುಚ್ಚಿತು.

ದುರ್ಗಾದೇವಿ ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತೇಬಿಟ್ಟಳು. “ಯವ್ವಾ, ತಪ್ಪು ನಂದೈತಿ. ನಿನ್ನ ಮಗಳ್ನೂ ಸೊಸಿನ್ನೂ ಒಬ್ಬಾಕಿನಽ ಅಂತ ತಿಳದು ಇಬ್ಬರ ರಕ್ತದ ಹಾಳಿ ಕೂಡಿಸಿಬಿಟ್ಟೆ. ಸೊಸಿದು ನೋಡಿ ಡಾಕ್ಟರು ಮಗಳಿಗೆ ಹಾಕಬೇಕಾದ ಇಂಜೆಕ್ಷನ್ ಬಿಟ್ಟಾರ. ಇವತ್ತು ಹಾಕಿಸದಿದ್ರ ಮುಂದಿನ ಕೂಸಿಗೆ ಅಪಾಯ ಐತಿ. ನನ್ನ ಬೇಕಾದಷ್ಟು ಬೈ. ಬೈಕೋತನಽ ಗಾಡಿ ಹತ್ತು.”

ಕರಿಯಕ್ಕ ಅವಳ ಮುಖವನ್ನೇ ನೋಡಿದಳು. ಒಳಗಿನಿಂದ ಸೊಸೆ ಕೊಟ್ರಮ್ಮ ತನ್ನ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದು, “ಅತ್ತಿ, ನನಗ ಹೆರಿಗ್ಯಾಗ ಅಂಥಾದ್ದೇನೂ ಹಾಕಿದ್ದಿಲ್ಲ. ನೆಗೆಟಿವ್ ಇದ್ದೋರಿಗೆ ಬ್ಯಾರೆ ಐತಿ ಅಂತ ನರ್ಸ್ ಅಂದಿದ್ಲು,” ಎಂದಳು.

“ನಾನು ಕರದ್ರನಽ ಒಬ್ಬಾಕಿ ಬದಲಿ ಇನ್ನೊಬ್ಬಾಕಿ ಬರ್ತಾಳ. ನಿನ್ನ ಮಿಷಿನ್ನಿಗೆ ಏನು ಗೊತ್ತಾದೀತು,” ಎಂದಳು ಮುದುಕಿ. ಕಸಬರಿಗೆ ಮೂಲೆಗೆ ಹೋಯಿತು. “ಕಿವಿಗೆ ಅರಿವಿ ಕಟ್ಟರೇ ಆಕಿಗೆ.”

ಇಬ್ಬರು ಕೊಟ್ರಮ್ಮರು, ಎರಡು ಕೂಸು, ಕರಿಯಕ್ಕ ಹಿಂದಿನ ಸೀಟಿನಲ್ಲಿ. ಹಡಗಲಿಯಲ್ಲಿ ಮತ್ತೊಮ್ಮೆ ರಕ್ತ ನೋಡಿದರು. ನೆಗೆಟಿವ್. ಇಂಜೆಕ್ಷನ್ ಹಾಕಿದರು. “ವೇಳೆ ಮೀರಿಲ್ಲ,” ಎಂದರು ಡಾಕ್ಟರಮ್ಮ. ದುರ್ಗಾದೇವಿ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ನೀರಿನ ಬಾಟಲಿ ತಂದು ಪಕ್ಕದಲ್ಲಿಟ್ಟೆ.

ವಾಪಸ್ ಬರುವಾಗ ಇಟ್ಟಿಗಿ ಹತ್ತಿರ ಅವಳು ಕೇಳಿದಳು. “ಸರ್, ಮೈಲಾರೇಶಣ್ಣ ಬರೇ ಎರಡು ಹೆರಿಗಿ ಅಂದ. ನೀವು ತಟ್ಟನೆ ಮಗಳು, ಸೊಸಿ ಅಂದ್ರಿ. ಹೆಂಗ ಗೊತ್ತಾತ್ರಿ?”

ಸುಳ್ಳು ಹೇಳಬಹುದಿತ್ತು. ನಾಲಿಗೆಗೆ ಬಂದಿತ್ತು ಕೂಡ. ರಸ್ತೆ ನೋಡುತ್ತ ಕೂತೆ.

“ಮೊದಲಽ ಗೊತ್ತಿತ್ತೇನ್ರಿ?”

“ಹಬ್ಬದಾಗ ಗೊತ್ತಾತು,” ಎಂದೆ.

ಅವಳು ಕಿಟಕಿಯ ಕಡೆ ತಿರುಗಿದವಳು ಮತ್ತೆ ಈ ಕಡೆ ನೋಡಲಿಲ್ಲ. ಕೂಡ್ಲಿಗಿಯಲ್ಲಿ ಇಳಿದ ಮೇಲೆ ಬಾಗಿಲು ಹಿಡಿದುಕೊಂಡೇ, “ನನ್ನ ಮ್ಯಾಲ ಸಿಟ್ಟಿದ್ರ ಎಲ್ಲಾರ ಮುಂದ ಬೈರಿ ಸರ್. ಆದ್ರ ತಪ್ಪು ಕಂಡ ಕೂಡ್ಲೆ ಬೈರಿ,” ಎಂದಳು. ಕಾನಹೊಸಹಳ್ಳಿಯ ಬಸ್ಸು ನಿಂತಿತ್ತು. ಹತ್ತಿದಳು.

ಅಕ್ಟೋಬರ್ 29, ಬುಧವಾರ

ಗವಿ ಅವಳನ್ನು ಬೈದ. ಬಾಗಿಲು ತೆರೆದಿಟ್ಟೇ ಬೈದ. ಅವಳು ನನ್ನ ಹೆಸರು ಎತ್ತಲಿಲ್ಲ.

ಕೆಲಸ ಅವಳಿಗೆ ಬರುತ್ತದೆ. ಹೊಸದು ಹೊಳೆಯುವುದೂ ಅವಳಿಗೇ. ಈಗ ದೊಡ್ಡ ಮನಸ್ಸು ಕೂಡ ಅವಳದೇ ಆಗಬೇಕೇ? ನನಗೆಂದು ಒಂದು ಮೂಲೆಯನ್ನಾದರೂ ಬಿಡಬಾರದೇ?

ಅಕ್ಟೋಬರ್ 31, ಶುಕ್ರವಾರ

ಹರಪನಹಳ್ಳಿಯ ಸಭೆ. ಲಾಡ್ಜಿನ ಮೇಲಿನ ಹಾಲು. ಗೋಡೆಯ ಮೇಲೆ ವರ್ಷನ್ ಹಿಸ್ಟರಿ ದೊಡ್ಡದಾಗಿ ಬಿದ್ದಿತ್ತು. ತೋರಿಸುವುದು ಬೇಡ ಎಂದು ಗವಿ ದಾರಿಯಲ್ಲಿ ಎಷ್ಟೋ ಹೇಳಿದ್ದ. ಅವಳು ತೋರಿಸಿದಳು, ಓದಿದಳು.

“4.0.1. ಒಂದೇ ಮನೆಯ, ಒಂದೇ ಹೆಸರಿನ ಇಬ್ಬರು ಮಹಿಳೆಯರನ್ನು 4.0 ಒಬ್ಬರೆಂದು ತಿಳಿದು ರಕ್ತದ ಗುಂಪು ತಪ್ಪಾಗಿ ತೋರಿಸಿತು. ಹಡಗಲಿಯಿಂದ 4.0 ಹಿಂದಕ್ಕೆ ಪಡೆಯಲಾಗಿದೆ. ತಪ್ಪು: ದುರ್ಗಾದೇವಿ.”

ಹಗರಿಬೊಮ್ಮನಹಳ್ಳಿಯ ಚೌಡಣ್ಣ ಎದ್ದರು. “ಅಂದ್ರ ಓದೋದು ಮುಗೀತು, ಇನ್ನ ನಮ್ಮ ಗಿರಾಕಿಗಳ ಮ್ಯಾಲ ಕಲಿಯಾಕ ಹತ್ತೀ ಏನಮ್ಮ? ಗವಿಸಿದ್ದೇಶಪ್ಪ, ಇಂಥ ಹುಡುಗಿ ಕೈಯಾಗ ಜೀವದ ಕೆಲಸ ಕೊಡ್ತೀರಾ?”

ಇದೇ ಹಾಲಿನಲ್ಲಿ, ಇದೇ ಮಾತು ಕೇಳಬೇಕೆಂದು ನಾನು ಹಬ್ಬದ ದಿನ ಬಯಸಿದ್ದೆ. ಕೇಳಿದಾಗ ಸಹಿಸಲಾಗಲಿಲ್ಲ. ಚೌಡಣ್ಣನಿಗೇನು ಗೊತ್ತು ಅವಳ ಕೆಲಸ? ಅವಳನ್ನು ಬೈಯಲು ಇವನ್ಯಾರು? ಎದ್ದು ನಿಂತಿದ್ದು ನೆನಪಿದೆ.

“ಆಕಿಗೆ ಗೊತ್ತಿದ್ದಿಲ್ಲ, ಅದಕ್ಕ ತಪ್ಪಾತು. ನನಗ ಗೊತ್ತಿತ್ತು. ಹಡಗಲಿಗೆ ಹಾಕ್ಯಾರ ಅನ್ನೋದೂ ಗೊತ್ತಿತ್ತು. ಈ ಸಭೆದಾಗ ಆಕಿ ಮುಖ ಸಣ್ಣದು ಮಾಡಬೇಕಂತ ಬಾಯಿ ಮುಚ್ಚಿಗೊಂಡು ಕುಂತಿದ್ದೆ.”

ಗವಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಕಡೆಗೆ ಅವನು ಹೇಳಿದ್ದು ನನಗಲ್ಲ, ಅವಳಿಗೆ. “ಅದನ್ನೂ ಬರಿ ಹಿಸ್ಟರಿಯಾಗ.”

ಅವಳ ಬೆರಳು ಏಳಲಿಲ್ಲ. ನಾನೇ ಹೇಳಿದೆ, ಅವಳು ಟೈಪ್ ಮಾಡಿದಳು: “ಈ ದೋಷ ಪ್ರವೀಣಕುಮಾರ್‌ಗೆ ಮೊದಲೇ ಗೊತ್ತಿತ್ತು. ತಿಳಿಸಲಿಲ್ಲ.” ಗೋಡೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು. ಪ್ರವೀಣಕುಮಾರ್ ‘ಅವರಿಗೆ’ ಎಂದು ತಿದ್ದಿದಳು.

ಚೌಡಣ್ಣ ನಮ್ಮನ್ನು ಬಿಟ್ಟರು. ಉಳಿದ ನಾಲ್ವರು ಸದ್ಯ ಇದ್ದಾರೆ.

ನವೆಂಬರ್ 10, ಸೋಮವಾರ

ಕೂಡಿಕೆ ಇನ್ನು ಅವಳ ಕೈಯಲ್ಲಿ. ನಾನು ಅವಳ ಕೈಕೆಳಗೆ. ಗವಿ ಕೆಲಸದಿಂದ ತೆಗೆಯಲಿಲ್ಲ, “ಲೇ” ಎನ್ನುವುದನ್ನು ಬಿಟ್ಟಿದ್ದಾನೆ. ‘ನೀವು’ ಎನ್ನುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು.

ದುರ್ಗಾ ಮೊದಲ ದಿನವೇ ಕೆಲಸ ಹೇಳಿದಳು. ಮುಲಾಜಿಲ್ಲ. ಒಂದೇ ಫೋನು ಇರುವ ಮನೆಗಳನ್ನೆಲ್ಲ ಹುಡುಕಿ, ಲ್ಯಾಬಿನವರಿಂದ ಕೇಳಿ ತಿಳಿದು, ಯಾರು ಯಾರೆಂದು ಬಿಡಿಸಬೇಕು. ಇಡೀ ದಿನ ಫೋನಿನಲ್ಲಿ ಕೂತೆ. ಒಂದು ಮನೆಯಲ್ಲಿ ಅಜ್ಜ, ಮೊಮ್ಮಗ ಇಬ್ಬರೂ ಮೈಲಾರಪ್ಪ. ಇನ್ನೊಂದು ಮನೆಯಲ್ಲಿ ವಾರಗಿತ್ತಿಯರಿಬ್ಬರೂ ಗಾದೆಮ್ಮ.

ಮಧ್ಯಾಹ್ನ ಅವಳಿಗೆ ಹೇಳಿದೆ: “ಅನುಮಾನ ಇದ್ದಲ್ಲಿ ಕೂಡಿಕಿ ತಾನಽ ಕೂಡಿಸೋದು ಬ್ಯಾಡ. ಇಬ್ಬರೂ ಒಬ್ಬರೇ ಏನು ಅಂತ ಲ್ಯಾಬಿನೋರನ್ನ ಕೇಳಲಿ. ಅವರು ಹೌದಂದ್ರ ಕೂಡ್ಲಿ.”

ಅವಳು ಅದನ್ನು ಬರೆದುಕೊಂಡು, “ಇದು 4.1 ಆಗ್ತೈತ್ರಿ,” ಎಂದಳು. ಸಂಜೆಯವರೆಗೆ ಇಬ್ಬರೂ ಅದನ್ನೇ ಮಾಡಿದೆವು. ಇವತ್ತು ಅವಳು ನನ್ನ ಕಡೆ ಸರಿಸಿದ ಡಬ್ಬಿಯಲ್ಲಿ ಅವಳವ್ವ ಮಾಡಿದ ಶೇಂಗಾ ಚಟ್ನಿ ಇತ್ತು. ಖಾರ ಜಾಸ್ತಿ.

ಡಿಸೆಂಬರ್ 12, ಶುಕ್ರವಾರ

ಮೈಯೆಲ್ಲ ಉರಿಯುತ್ತಿದೆ.

ದಾವಣಗೆರೆಯ ಯಾವುದೋ ಹೊಸ ಕಂಪನಿ ಹಗರಿಬೊಮ್ಮನಹಳ್ಳಿಯ ಚೌಡಣ್ಣನ ಲ್ಯಾಬಿನಲ್ಲಿ ತಮ್ಮ ಸಾಫ್ಟ್‌ವೇರ್ ತೋರಿಸುತ್ತದೆಂದು ಗೊತ್ತಾಯಿತು. ಹೋಗಿ ಹಿಂದೆ ಕೂತೆ. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಹುಡುಗ. ಚೌಡಣ್ಣ ಅವನಿಗೆ ಗೋಡಂಬಿ ತರಿಸಿದ್ದರು. ನಮ್ಮ ದುರ್ಗಾಳಿಗೆ ಎಂದಾದರೂ ಒಂದು ಲೋಟ ನೀರು ಕೊಟ್ಟಿದ್ದಾರೆಯೇ? ಹೆಂಗಸರಿಗೆ ಎರಡು ಊರು ಇರುತ್ತವೆ, ಅದನ್ನೂ ನಾವು ಹಿಡಿಯುತ್ತೇವೆ, ಎಂದು ಅವನು ತಾನೇ ಕಂಡುಹಿಡಿದವನ ಹಾಗೆ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಯಾರದು? ಅವನದಲ್ಲ.

ಕೈ ಎತ್ತಿದೆ. “ಒಂದಽ ಮನಿಯಾಗ ಮಗಳು, ಸೊಸಿ ಇಬ್ಬರದೂ ಒಂದಽ ಹೆಸರು, ಒಂದಽ ಫೋನು. ನಿಮ್ಮದು ಏನು ಮಾಡ್ತೈತಿ?”

“ಆಟೊಮ್ಯಾಟಿಕ್ಕಾಗಿ ಒಂದೇ ಮಾಡುತ್ತೆ ಸರ್. ಡೂಪ್ಲಿಕೇಟ್ ಅನ್ನೋದೇ ಉಳಿಯಲ್ಲ,” ಎಂದ. ಅದಕ್ಕೂ ಚಪ್ಪಾಳೆ.

ಕಾರಿನಲ್ಲಿ ಒಬ್ಬನೇ ನಗುತ್ತ ಬಂದೆ. ಆಫೀಸಿಗೆ ಬಂದವನೇ ದುರ್ಗಾಳಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ.

“ಅವರಿಗೆ ಹೇಳಿದ್ರೇನ್ರಿ?”

“ನಾ ಯಾಕ ಹೇಳ್ಲಿ? ನಿನ್ನ ಕೆಲಸ ತನ್ನದಂತ ಹೇಳಿಕೊಂಡು ತಿರುಗ್ಯಾಡಾಕತ್ತ್ಯಾನ. ಬೀಳ್ಲಿ.”

ಅವಳು ಕೈ ಚಾಚಿದಳು. “ನಂಬರ್ ಕೊಡ್ರಿ, ನಾ ಮಾತಾಡ್ತೀನಿ.”

ಆ ಹುಡುಗ ಎಲ್ಲರಿಗೂ ಕೊಟ್ಟ ಕಾರ್ಡು ನನ್ನ ಜೇಬಿನಲ್ಲಿತ್ತು. ಕೊಡಲಿಲ್ಲ. “ನೀ ಸುಮ್ನಿರು. ನೀ ಬಾಳ ಮೆತ್ತಗ ಮಾತಾಡ್ತಿ. ಇದನ್ನೂ ತಮ್ಮದಽ ಅಂದುಕೋತಾರ,” ಎಂದು ನಾನೇ ಹೊರಗೆ ಹೋಗಿ ಫೋನ್ ಹಚ್ಚಿದೆ. ಬಸ್ಸಿನ ಗದ್ದಲದಲ್ಲಿ ಒಂದೊಂದು ಮಾತನ್ನೂ ಕೂಗಿ ಹೇಳಬೇಕಾಯಿತು. ಎಲ್ಲಿ ತಪ್ಪುತ್ತದೆ, ಹೇಗೆ ತಪ್ಪುತ್ತದೆ, ಹಡಗಲಿಯಲ್ಲಿ ಏನಾಯಿತು, ನಾಳೆ ಯಾರ ಲ್ಯಾಬಿಗೂ ಅದನ್ನು ಹಾಕಬೇಡ. ಹುಡುಗ ಮೊದಲು ಗುರುಗುಟ್ಟಿದ. ಕಡೆಗೆ, “ಬರಕೊಂಡೆ ಸರ್. ಬಹಳ ಉಪಕಾರ ಆಯ್ತು. ತಮ್ಮ ಹೆಸರು?” ಎಂದ.

“ನಂದು ಬ್ಯಾಡ. ಎರಡು ಊರಿನ ರೂಲು ಕಂಡುಹಿಡದಾಕಿ, ಅದರಾಗಿನ ತಪ್ಪನ್ನ ಎಲ್ಲಾರ ಮುಂದ ಓದಿ ಹೇಳಿದಾಕಿ ಬ್ಯಾರೆ ಅದಾಳ. ಆಕಿ ಹೆಸರು ಬರಕೋ.”

“ಹೇಳಿ ಸರ್.”

ಹೇಳಿದೆ. ಬಸ್ಸು ಹಾರ್ನ್ ಹೊಡೆಯಿತು. “ದುರ್ಗಮ್ಮ ಅಂದ್ರಾ ಸರ್?”

“ಅಲ್ಲೋ ಮಾರಾಯ. ದುರ್ಗಾದೇವಿ, ಕೂಡ್ಲಿಗಿ. ಬರದೀ? ಈಗ ಓದಿ ಹೇಳು.”

ಓದಿದ. ಸರಿಯಾಗಿತ್ತು. ಫೋನ್ ಇಟ್ಟೆ.